ವೇಷಕ್ಕೆ ಲೂಸ್ ಬಿಳಿ ಪುಡಿ ತರೋರು ದಯವಿಟ್ಟು ಓದಿ

ಮಕ್ಕಳ ಯಕ್ಷಗಾನ ಮಾಡ್ಸೋರು, ಶಾಲೆ ವಾರ್ಷಿಕೋತ್ಸವಕ್ಕೆ ವೇಷ ಕಟ್ಸೋರು, ಚೌಕಿಗೆ (ವೇಷ ಕಟ್ಟೋ ಕೋಣೆಗೆ) ಬರೋ ಬಿಳಿ ಪುಡಿ ಪ್ಯಾಕೆಟ್ ಮೇಲೆ ಏನು ಬರ್ದಿದೆ ಅಂತ ನೋಡ್ದೆ ಯಾರ ಮುಖಕ್ಕೂ ಹಚ್ಬೇಡಿ.

ನಮ್ಮೂರಲ್ಲಿ ಮಕ್ಕಳ ಯಕ್ಷಗಾನ ಆಟ ಇತ್ತು, ನನ್ನ ಮಗಳದ್ದು ಬಾಲಕೃಷ್ಣ, ಬಣ್ಣ ಹಾಕೋಕೆ ಬಂದವ್ರು ಸಫೇದ ಅಂತ ಕವರಲ್ಲಿ ಕಟ್ಟಿದ್ದ ಪುಡಿನ ತೆಂಗಿನೆಣ್ಣೇಲಿ ಕಲಸಿ ಹಚ್ಚಿದ್ರು, ಆಟ ಮುಗಿಯೋ ಮುಂಚೆನೇ ಉರಿ ಉರಿ ಅಂತ ಅಳೋಕೆ ಶುರು ಮಾಡಿದ್ಲು, ತೊಳೆದು ನೋಡಿದ್ರೆ ಕೆನ್ನೆ ಪೂರ್ತಿ ದದ್ದು, ಬೆಳಿಗ್ಗೆ ಕಣ್ಣು ಬಿಡೋಕಾಗ್ದಷ್ಟು ಊತ. ಬೇರೆ ಮಕ್ಕಳಿಗೂ ಹಾಗೇ ಆಗಿತ್ತು. ಸ್ಕಿನ್ ಡಾಕ್ಟ್ರು ಪುಡಿ ಯಾವ್ದು ಅಂತ ಕೇಳಿದ್ರು, ಯಾರಿಗೂ ಗೊತ್ತಿಲ್ಲ. ಅಂಗಡೀಲಿ ಕೇಳಿದ್ರೆ "ಅದು ಪೇಂಟಿಗೆ ಹಾಕೋದಲ್ವಾ, ಮುಖಕ್ಕೆ ಅಂತ ನಮಗ್ಯಾರು ಹೇಳಿದ್ರು" ಅಂದ್ರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಮಗಳ ದದ್ದು ಕ್ರೀಮ್ ಹಚ್ಚಿ ವಾಸಿ ಆಯ್ತು. ನನಗೆ ಅದಕ್ಕಿಂತ ಹೆಚ್ಚು ಭಯ ಇಂಥ ಪುಡೀಲಿ ಇರಬಹುದಾದ ಸೀಸದ್ದು (ಲೆಡ್). ಅದು ಉರಿಯಲ್ಲ, ಕೆಂಪಾಗಲ್ಲ, ತುಟಿ ನೆಕ್ಕಿದಾಗ, ಪುಡಿ ಹಾರಿ ಮೂಗಿಗೆ ಹೋದಾಗ ಸುಮ್ನೆ ಒಳಗೆ ಸೇರುತ್ತೆ, ಮಕ್ಕಳ ಮೆದುಳಿಗೇ ಪೆಟ್ಟು ಕೊಡುತ್ತೆ. ಜಪಾನಿನ ಕಾಬುಕಿ ಅನ್ನೋ ನಾಟಕದಲ್ಲಿ ನಟರು ತಲೆಮಾರುಗಟ್ಟಲೆ ಸೀಸದ ಬಿಳಿನೇ ಬಳೀತಿದ್ರು, 1887ರಲ್ಲಿ ಚಕ್ರವರ್ತಿ ಎದುರೇ ಆಡ್ತಿದ್ದ ನಾಕಾಮುರಾ ಫುಕುಸುಕೆ ಅನ್ನೋ ನಟನಿಗೆ ಕಾಲು ನಡುಗೋಕೆ ಶುರುವಾಗಿ, ಅದಕ್ಕೆ ಮುಖದ ಬಣ್ಣನೇ ಕಾರಣ ಅಂತ ಗೊತ್ತಾದ್ಮೇಲೇ ಸೀಸ ಇಲ್ಲದ ಬಿಳಿಗೆ ಹುಡುಕಾಟ ಜೋರಾಗಿದ್ದು.

ವೇಷಕ್ಕೆ ಸಫೇದ ಅಂತ ಬಳಸೋದು ಸಾಮಾನ್ಯವಾಗಿ ಜಿಂಕ್ ಆಕ್ಸೈಡ್, ಅಂದ್ರೆ ಸತುವಿನ ಬಿಳಿ ಪುಡಿ. ಅದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಕ್ಯಾಲಮೈನ್ ಲೋಷನ್‌ನಲ್ಲಿ, ಮಕ್ಕಳ ಡೈಪರ್ ಕ್ರೀಮಲ್ಲಿ ಇರೋದೂ ಅದೇ. ತೊಂದರೆ ಇರೋದು ಗ್ರೇಡಲ್ಲಿ. ಸತುವಿನ ಅದಿರೂ ಸೀಸದ ಅದಿರೂ ಗಣೀಲಿ ಹೆಚ್ಚಾಗಿ ಒಟ್ಟಿಗೇ ಸಿಗೋದು, ರಾಜಸ್ಥಾನದ ಜಾವರ್ ಗಣೀಲೂ ಹಾಗೇ, ಹಾಗಾಗಿ ಅದಿರಿಂದ ನೇರವಾಗಿ ಮಾಡಿದ ಅಗ್ಗದ ಪುಡೀಲಿ ಸೀಸ, ಕ್ಯಾಡ್ಮಿಯಂ ಥರದ ವಿಷ ಲೋಹ ಉಳ್ಕೊಂಡಿರಬಹುದು. ಶುದ್ಧ ಮಾಡಿದ ಸತುವನ್ನ ಆವಿ ಮಾಡಿ ಉರಿಸಿ ತೆಗೆದಿದ್ದರಲ್ಲಿ ಅದು ತುಂಬಾ ಕಮ್ಮಿ. ಕಣ್ಣಿಗೆ ಎರಡೂ ಒಂದೇ ಬಿಳಿ! ಮುಖದ ಪೌಡರಿಗಾದ್ರೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿ ಇದೆ, ಸೀಸದಂಥ ಭಾರಲೋಹ 20 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 20), ಆರ್ಸೆನಿಕ್ 2 ಪಿಪಿಎಂ. ಪೇಂಟಿನ ಪುಡಿನ ಚರ್ಮಕ್ಕೆ ಅಂತ ಯಾರೂ ಟೆಸ್ಟ್ ಮಾಡಿರಲ್ಲ.

ಟೈಟಾನಿಯಂ ಡೈಆಕ್ಸೈಡ್ ಅನ್ನೋ ಇನ್ನೊಂದು ಬಿಳಿ ಪುಡಿ ತಗೊಳ್ಳಿ ಅಂತಾನೂ ಕೆಲವ್ರು ಹೇಳ್ತಾರೆ, ಅದ್ರಲ್ಲೂ ಕಾಸ್ಮೆಟಿಕ್‌ಗೆ ಅಂತ ಮಾಡಿದ್ದಕ್ಕೆ ಬಿಸಿಲಿಗೆ ರಿಯಾಕ್ಟ್ ಆಗ್ಬಾರ್ದು ಅಂತ ಎಷ್ಟೋ ಸಲ ಸಿಲಿಕಾ, ಅಲ್ಯೂಮಿನಾ ಪದರ ಕೊಟ್ಟಿರ್ತಾರೆ, ಪೇಂಟಿಂದು ತಂದು ಬಳಿಯೋ ಹಾಗಿಲ್ಲ. ಯಾವ ಬಿಳಿ ಆದ್ರೂ ಒಣಪುಡಿ ಕಲಸುವಾಗ ಮಾಸ್ಕ್ ಹಾಕಿ, ಮಕ್ಕಳನ್ನ ದೂರ ಇಡಿ.

ಕಾಸ್ಮೆಟಿಕ್ ಲೈಸೆನ್ಸ್ ನಂಬರ್, ಬ್ಯಾಚ್, ಎಕ್ಸ್‌ಪೈರಿ ಇರೋದನ್ನೇ ಕೊಳ್ಳಿ, ಬಿಲ್ ಇಟ್ಕೊಳ್ಳಿ, ಸಂಘಕ್ಕೆ ಜಾಸ್ತಿ ತರೋರು ಆ ಬ್ಯಾಚಿನ ಟೆಸ್ಟ್ ರಿಪೋರ್ಟ್ ಕೇಳಿ. ಹಿಂದಿನ ದಿನನೇ ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ನೋಡಿ. ಬಣ್ಣ ಹಾಕೋರು ಲೇಬಲ್ ಇಲ್ಲದ ಕವರ್ ಬಿಚ್ಚಿದ್ರೆ, ಎಷ್ಟೇ ಹಿರಿಯರಾಗಿರ್ಲಿ, "ಇದು ಬೇಡ ಅಣ್ಣಾ" ಅಂತ ಅಲ್ಲೇ ಹೇಳಿ.