ಹಳೇ ಎಸ್ಟೀಮ್‌ಗೆ ಹಿಂದೆ ಡಿಸ್ಕ್ ಬ್ರೇಕ್: ಎರಡೂವರೆ ವರ್ಷ, 29,000 ಕಿ.ಮೀ. ಆದ ಮೇಲೆ

ಮೊದಲು ಕಾರಿನ ಜಾತಕ. 2007ರ ಮಾರುತಿ ಎಸ್ಟೀಮ್, ಕೆಎ-20 ನಂಬರು, 1.3 ಲೀಟರ್ ಪೆಟ್ರೋಲ್. ಅಪ್ಪ ತೆಗೆದುಕೊಂಡದ್ದು, ಈಗ ನನ್ನ ಕೈಯಲ್ಲಿದೆ. ಮುಂದೆ ಡಿಸ್ಕ್ ಬ್ರೇಕ್ (ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡು ಬದಿಯಿಂದ ಪ್ಯಾಡ್ ಹಿಡಿಯುತ್ತದೆ), ಹಿಂದೆ ಡ್ರಮ್ (ತಿರುಗುವ ಡಬ್ಬಿಯ ಒಳಗೋಡೆಗೆ ಶೂ ಒತ್ತುತ್ತದೆ). ಗಟ್ಟಿ ಬ್ರೇಕಿಗೆ ಚಕ್ರ ಲಾಕ್ ಆಗಿ (ತಿರುಗದೆ) ಜಾರದಂತೆ ನೋಡುವ ಎಬಿಎಸ್ ಇಲ್ಲ. ಮನೆ ಪರ್ಕಳ, ಕೆಲಸ ಮಣಿಪಾಲ, ಹೆಂಡತಿಯ ತವರು ತೀರ್ಥಹಳ್ಳಿ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಬೇಕು, ಇಳಿಯಬೇಕು. ಹತ್ತುವುದಕ್ಕೆ ಕಾರಿನದೂ ತಕರಾರಿಲ್ಲ, ನನ್ನದೂ ಇಲ್ಲ. ಕಥೆ ಶುರುವಾದದ್ದು ಇಳಿಯುವಾಗ.

2022ರ ಮಳೆಗಾಲ. ಹದಿನಾಲ್ಕು ತಿರುವುಗಳಲ್ಲಿ ಒಂಬತ್ತೋ ಹತ್ತೋ ಮುಗಿದಿತ್ತು. ಎದುರಿಗೆ ಮಿನಿ ಬಸ್ಸು ಬಂತು. ಬ್ರೇಕ್ ಒತ್ತಿದೆ. ಕಾರು ನಿಂತಿತು, ಆದರೆ ನಿಲ್ಲುವ ಮೊದಲು ಬಾಲ ಒಂದು ಬದಿಗೆ ಎಳೆಯಿತು. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಮಗಳು ಎದ್ದು ಕೂತಳು. ಸೋಮೇಶ್ವರ ತಲುಪಿ ಕಾರು ನಿಲ್ಲಿಸಿ ಸುತ್ತು ಬಂದೆ. ಹಿಂದಿನ ಬಲ ಚಕ್ರದ ಹತ್ತಿರ ಸುಟ್ಟ ಎಣ್ಣೆಯ ವಾಸನೆ. ಚಕ್ರದ ಒಳಬದಿಯಲ್ಲಿ ಒಂದು ಒದ್ದೆ ಗೆರೆ. ಮಳೆ ನೀರಲ್ಲ, ಬೆರಳಿಗೆ ಜಿಡ್ಡು ಹತ್ತಿತು.

ನಮ್ಮ ಮಾಮೂಲಿ ಮೆಕ್ಯಾನಿಕ್ ಮರುದಿನ ಡ್ರಮ್ ಬಿಚ್ಚಿ ತೋರಿಸಿದರು. ಶೂವನ್ನು ಒತ್ತುವ ವೀಲ್ ಸಿಲಿಂಡರ್ ಸೋರಿ, ಶೂ ಮೇಲಿನ ಲೈನರ್ ಪೂರ್ತಿ ಬ್ರೇಕ್ ಆಯಿಲ್ ಕುಡಿದಿತ್ತು. ಲೈನರ್ ಸವೆದಂತೆ ಶೂವನ್ನು ಡ್ರಮ್ಮಿಗೆ ಹತ್ತಿರ ಇಡುವ ಅಡ್ಜಸ್ಟರ್ ಎಡಗಡೆಯಲ್ಲಿ ತುಕ್ಕು ಹಿಡಿದು ಜಾಮ್ ಆಗಿತ್ತು. "ಎರಡು ಸೈಡಿಗೂ ಸಿಲಿಂಡರ್, ಲೈನರ್ ಹಾಕುವ ಮಾರಾಯ್ರೆ. ಮೂರು ಸಾವಿರದೊಳಗೆ ಮುಗೀತದೆ" ಅಂದರು.

ಅವರ ಮಾತು ಕೇಳಬೇಕಿತ್ತು. ಆದರೆ ನನ್ನ ತಲೆಯಲ್ಲಿ ಆಗಲೇ ಡಿಸ್ಕ್ ಕೂತಿತ್ತು. ಇದೇ ಪೀಳಿಗೆಯ ಸುಝುಕಿಯಲ್ಲಿ ಹೊರದೇಶಗಳಲ್ಲಿ ಸ್ವಿಫ್ಟ್ ಜಿಟಿಐ ಅಂತ ಒಂದು ಬರುತ್ತಿತ್ತು. ನಮ್ಮ ಎಸ್ಟೀಮ್‌ನ ದಾಯಾದಿ. ಅದಕ್ಕೆ ಕಂಪನಿಯಿಂದಲೇ ನಾಲ್ಕೂ ಚಕ್ರಕ್ಕೆ ಡಿಸ್ಕ್. ದಾಯಾದಿಗೆ ಇದ್ದದ್ದು ನಮಗೆ ಯಾಕಿಲ್ಲ ಎನ್ನುವ ಹೊಟ್ಟೆಕಿಚ್ಚು ಮನುಷ್ಯರಿಗೆ ಮಾತ್ರ ಅಲ್ಲ, ಕಾರಿನ ಪರವಾಗಿಯೂ ಬರುತ್ತದೆ.

ಜಿಟಿಐ ಸಾಮಾನು ಇಲ್ಲಿ ಹುಡುಕಿ ಪ್ರಯೋಜನವಿಲ್ಲ. ಹಾಗಾಗಿ ಹಿಂದೆ ಡಿಸ್ಕ್ ಇರುವ ಬೇರೊಂದು ಕಾರಿನ ಡಿಸ್ಕ್ ಮತ್ತು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ, ಒಳಗೆ ಪಿಸ್ಟನ್ ಇರುತ್ತದೆ) ತಂದು, ಡ್ರಮ್‌ನ ಬ್ಯಾಕ್ ಪ್ಲೇಟ್ ತೆಗೆದ ಜಾಗಕ್ಕೆ ಒಂದು ದಪ್ಪ ಉಕ್ಕಿನ ಪ್ಲೇಟ್ ಕೊರೆಸಿ, ಅದರ ಮೇಲೆ ಕ್ಯಾಲಿಪರ್ ಕೂರಿಸುವುದು ಎಂದಾಯಿತು. ಯಾವ ಕಾರಿನದು ಅಂತ ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಯಾರಾದರೂ ಹೆಸರು ಮಾತ್ರ ಹಿಡಿದುಕೊಂಡು ಗುಜರಿಗೆ ಓಡುತ್ತಾರೆ. ಹೆಸರಿಗಿಂತ ಪಿಸ್ಟನ್ ಅಳತೆ ಮುಖ್ಯ. ಅದನ್ನು ನಾನು ಕಲಿತದ್ದು ದುಡ್ಡು ಕೊಟ್ಟು.

ಕೆಲಸ ನಡೆದದ್ದು ಬೈಕಂಪಾಡಿಯ ಒಂದು ಲೇತ್ ವರ್ಕ್‌ಶಾಪಿನಲ್ಲಿ. ನಾಲ್ಕು ದಿನ ಅಂದರು, ಹನ್ನೊಂದು ದಿನ ಆಯಿತು. ಆದರೂ ಅವರ ಕೆಲಸದ ಬಗ್ಗೆ ದೂರಿಲ್ಲ. ಮೊದಲ ಸಲ ಡಿಸ್ಕ್ ಕೂರಿಸಿ ಡಯಲ್ ಗೇಜ್ ಇಟ್ಟು ಚಕ್ರ ತಿರುಗಿಸಿದಾಗ ಮುಳ್ಳು 0.2 ಮಿ.ಮೀ. ಅತ್ತಿತ್ತ ಆಡುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಓರೆ. ಆದರೆ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿನಡಿ ಕುಣಿಯಲು ಅಷ್ಟು ಸಾಕು. ಲೇತ್‌ನವರು ಬೇಜಾರು ಮಾಡಿಕೊಳ್ಳದೆ ಮತ್ತೆ ಬಿಚ್ಚಿ, ಹಬ್‌ನ ಮುಖ ಉಜ್ಜಿ, ಡಿಸ್ಕ್ ಕೂರುವ ರಿಂಗ್ ಹೊಸದಾಗಿ ಕಡೆದು, 0.05ಕ್ಕಿಂತ ಕೆಳಗೆ ತಂದರು. ಈ ಕೆಲಸ ಮಾಡಿಸುವವರು ಡಯಲ್ ಗೇಜ್ ಇಲ್ಲದ ಕಡೆ ಮಾಡಿಸಬೇಡಿ.

ಈಗ ಪಿಸ್ಟನ್ ವಿಷಯ. ನಾನು ಮೊದಲು ತಂದದ್ದು 38 ಮಿ.ಮೀ. ಪಿಸ್ಟನ್‌ನ ಕ್ಯಾಲಿಪರ್. ದೊಡ್ಡದಿದ್ದರೆ ಒಳ್ಳೆಯದು ಅಂದುಕೊಂಡಿದ್ದೆ. ಹಾಕಿದ ಕೂಡಲೇ ಎರಡು ತೊಂದರೆ. ಒಂದು, ದೊಡ್ಡ ಪಿಸ್ಟನ್ ತಳ್ಳಲು ಜಾಸ್ತಿ ಆಯಿಲ್ ಬೇಕು, ಪೆಡಲ್ ಒತ್ತಿದಾಗ ಆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ, ಹಾಗಾಗಿ ಪೆಡಲ್ ಆಳಕ್ಕೆ ಹೋಗುತ್ತಿತ್ತು. ಇನ್ನೊಂದು ಅಪಾಯದ್ದು. ಒಂದು ಭಾನುವಾರ ಬೆಳಿಗ್ಗೆ ಮಣಿಪಾಲದ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಗೆ ಹೋದೆವು. ರಾತ್ರಿ ಮಳೆ ಬಂದು ರಸ್ತೆ ಒದ್ದೆ ಇತ್ತು. ಗೆಳೆಯನೊಬ್ಬ ಮೊಬೈಲ್ ಹಿಡಿದು ಬದಿಯಲ್ಲಿ ನಿಂತ. ನಾನು 40ರಲ್ಲಿ ಬಂದು ಗಟ್ಟಿಯಾಗಿ ಒತ್ತಿದೆ. ಕಾರು ಅರ್ಧ ತಿರುಗಿ ನಿಂತಿತು. ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿವೆ, ಮುಂದಿನವು ಇನ್ನೂ ಉರುಳುತ್ತಿವೆ.

ಮುಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಸೀದಾ ಜಾರುತ್ತದೆ. ಅದೂ ಒಳ್ಳೆಯದಲ್ಲ, ಆದರೆ ಕಾಲು ಸಡಿಲ ಬಿಟ್ಟು ಸುಧಾರಿಸಿಕೊಳ್ಳಬಹುದು. ಹಿಂದಿನದು ಮೊದಲು ಲಾಕ್ ಆದರೆ ಬಾಲ ಮುಂದೆ ಬರುತ್ತದೆ. ಆಗುಂಬೆ ತಿರುವಿನಲ್ಲಿ ಹಾಗಾದರೆ ಏನು ಗತಿ, ಅಲ್ವಾ? ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಡುವುದು ಎಂದರೆ ಜಾರಿಸುವುದಕ್ಕೆ ನಾವೇ ವ್ಯವಸ್ಥೆ ಮಾಡಿದ ಹಾಗೆ.

ಆ ಕ್ಯಾಲಿಪರ್ ತೆಗೆದು 30 ಮಿ.ಮೀ. ಪಿಸ್ಟನ್‌ನದು ಹಾಕಿಸಿದೆ. ಎಂಟೇ ಮಿಲಿಮೀಟರ್ ಅನಿಸಬಹುದು, ಆದರೆ ವಿಸ್ತೀರ್ಣದ ಲೆಕ್ಕದಲ್ಲಿ ಶೇ. 38ರಷ್ಟು ಕಡಿಮೆ. ಪೆಡಲ್ ಮೇಲೆ ಬಂತು. ಮುಂದಿನ ಭಾನುವಾರ ಅದೇ ರಸ್ತೆ, ನೀರು ಸುರಿದು ಒದ್ದೆ ಮಾಡಿದ್ದು, ಅದೇ ಮೊಬೈಲ್. ಈ ಸಲ ಮುಂದಿನದು ಮೊದಲು ಲಾಕ್ ಆಯಿತು. ಅವತ್ತು ಮನೆಗೆ ಹೋಗುವಾಗ ಹೋಟೆಲಿನಲ್ಲಿ ಎರಡೆರಡು ಗೋಳಿಬಜೆ ಪ್ಲೇಟ್ ಮುಗಿಸಿದೆವು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಕಾರು ಬೇಗ ನಿಲ್ಲುತ್ತದಾ? ಒಣ ರಸ್ತೆಯಲ್ಲಿ ಬೊಂಡದ ಚಿಪ್ಪು ಇಟ್ಟು ಗುರುತು ಮಾಡಿ, ಟೇಪ್ ಹಿಡಿದು ಅಳೆದಿದ್ದೇವೆ. ಗಂಟೆಗೆ 60ರಿಂದ ಪೂರ್ತಿ ನಿಲ್ಲುವುದಕ್ಕೆ ಸೋರುವ ಡ್ರಮ್ ಇದ್ದಾಗ 21 ಮೀಟರ್ ಹತ್ತಿರ. ಡಿಸ್ಕ್ ಹಾಕಿದ ಮೇಲೆ 18.5. ನೋಡಿ ಖುಷಿಯಾಯಿತು. ಆರು ತಿಂಗಳು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

ಆಮೇಲೆ ಸಹೋದ್ಯೋಗಿಯೊಬ್ಬರು ತಮ್ಮ ಎಸ್ಟೀಮ್ ತಂದರು. ಹಿಂದೆ ಕಂಪನಿಯ ಡ್ರಮ್ಮೇ. ಹೊಸ ಸಿಲಿಂಡರ್, ಹೊಸ ಲೈನರ್, ಸರಿಯಾಗಿ ಅಡ್ಜಸ್ಟ್ ಮಾಡಿಸಿದ್ದು. ಟಯರ್ ಎರಡಕ್ಕೂ ಒಂದೇ ಅಳತೆ. ಅದೇ ಚಿಪ್ಪು, ಅದೇ ಟೇಪ್. 18.5, ಒಂದು ಸಲ 18.3. ನನ್ನ ಗೆಳೆಯ ಟೇಪ್ ಸುತ್ತುತ್ತಾ ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಮೊದಲು ನನ್ನ ಕಾರಿನಲ್ಲಿ ಕೆಟ್ಟಿದ್ದದ್ದು ಸಿಲಿಂಡರ್ ಮತ್ತು ಲೈನರ್, ಡ್ರಮ್ ಎನ್ನುವ ವಿಧಾನವಲ್ಲ. ನಾನು ಹಾಳಾದ ಡ್ರಮ್ಮನ್ನು ಹೊಸ ಡಿಸ್ಕಿಗೆ ಹೋಲಿಸಿ ಬೀಗಿದ್ದೆ. ಕಳೆದ ವರ್ಷ ಟಯರ್ ಬದಲಿಸಿದೆ, 18.5 ಇದ್ದದ್ದು 17.5 ಆಯಿತು. ಡಿಸ್ಕಿಗಿಂತ ಟಯರೇ ಜಾಸ್ತಿ ಕೆಲಸ ಮಾಡಿತು.

ಹಾಗಾದರೆ ಡಿಸ್ಕಿನಿಂದ ಏನೂ ಸಿಕ್ಕಿಲ್ಲವಾ? ಸಿಕ್ಕಿದೆ. ನಮ್ಮ ಮಳೆಗಾಲಕ್ಕೆ ಅದು ಸಣ್ಣ ವಿಷಯವಲ್ಲ. ಉಡುಪಿಯ ಕಲ್ಸಂಕದಲ್ಲಿ ಜೋರು ಮಳೆಗೆ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಮೊದಲೆಲ್ಲ ಅಲ್ಲಿ ನೀರು ದಾಟಿ ಬಂದರೆ ಡ್ರಮ್ ಒಳಗೆ ಹೊಕ್ಕ ನೀರು ಹೊರಗೆ ಬರಲು ಮನಸ್ಸು ಮಾಡುತ್ತಿರಲಿಲ್ಲ. ಬ್ರೇಕ್ ಒಂದು ಬದಿಗೆ ಎಳೆಯುತ್ತಾ ಇಂದ್ರಾಳಿ ತನಕ ಬರಬೇಕಿತ್ತು. ಈಗ ಎರಡು ಸಲ ಮೆಲ್ಲಗೆ ಪೆಡಲ್ ತಟ್ಟಿದರೆ ಸಾಕು, ಪ್ಯಾಡ್ ನೀರು ಒರೆಸಿ ಹಾಕುತ್ತದೆ. ಘಾಟಿ ಇಳಿದ ಮೇಲೆ ಹಿಂದಿನಿಂದ ವಾಸನೆ ಇಲ್ಲ. ಆದರೂ ಎರಡನೇ ಗೇರಿನಲ್ಲೇ ಇಳಿಯುತ್ತೇನೆ. ಹಿಂದೆ ಡಿಸ್ಕ್ ಇದೆ ಅಂತ ಮೂರರಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಬಿಸಿಯಾಗುವುದು ಮುಂದಿನ ಡಿಸ್ಕೇ. ಇನ್ನೊಂದು ಸುಖ, ಪ್ಯಾಡ್ ಎಷ್ಟು ಉಳಿದಿದೆ ಅಂತ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಬಹುದು. ಡ್ರಮ್ ಆದರೆ ಬಿಚ್ಚದೆ ಏನೂ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಿರಲಿಲ್ಲ.

ಸೋತದ್ದು ಹ್ಯಾಂಡ್ ಬ್ರೇಕ್ ವಿಷಯದಲ್ಲಿ. ನಮ್ಮ ಮನೆ ರಸ್ತೆಯಿಂದ ಕೆಳಗಿದೆ, ಅಂಗಳಕ್ಕೆ ಇಳಿಜಾರು. ಡ್ರಮ್ ಇದ್ದಾಗ ನಾಲ್ಕು ಕ್ಲಿಕ್ ಎಳೆದರೆ ಕಾರು ಬಂಡೆಯ ಹಾಗೆ ನಿಲ್ಲುತ್ತಿತ್ತು. ಡ್ರಮ್ಮಿನಲ್ಲಿ ಚಕ್ರ ಉರುಳಲು ನೋಡಿದಷ್ಟೂ ಅದೇ ಶೂವನ್ನು ಇನ್ನಷ್ಟು ಬಿಗಿಯಾಗಿ ಒಳಗಿನಿಂದ ಒತ್ತಿಕೊಳ್ಳುತ್ತದೆ. ಡಿಸ್ಕಿಗೆ ಆ ಗುಣ ಇಲ್ಲ. ಕೇಬಲ್ ಎಷ್ಟು ಎಳೆಯುತ್ತದೋ ಅಷ್ಟೇ ಹಿಡಿತ. ಹಾಕಿಸಿದ ಎರಡನೇ ವಾರ ರಾತ್ರಿ ಊಟಕ್ಕೆ ಕೂತಿದ್ದಾಗ ಹೊರಗೆ ಏನೋ ಸದ್ದು. ಹೋಗಿ ನೋಡಿದರೆ ಕಾರು ಒಂದು ಮಾರು ಕೆಳಗೆ ಇಳಿದು ತುಳಸಿಕಟ್ಟೆಗೆ ಒಂದು ಗೇಣು ಬಾಕಿ ಇಟ್ಟು ನಿಂತಿದೆ. ಗೇರಿನಲ್ಲಿ ಬಿಡದೇ ಹೋದದ್ದು ನನ್ನದೇ ತಪ್ಪು. ಆದರೆ ಹದಿನೈದು ವರ್ಷ ಹಾಗೆ ಬಿಟ್ಟರೂ ಏನೂ ಆಗಿರಲಿಲ್ಲ. ಡಿಸ್ಕ್ ಬಿಸಿಯಿದ್ದಾಗ ಎಳೆದ ಕೇಬಲ್, ಅದು ತಣ್ಣಗಾಗಿ ಸ್ವಲ್ಪ ಕುಗ್ಗಿದ ಮೇಲೆ ಸಡಿಲವಾಗುತ್ತದೆ. ಕೇಬಲ್ ಗಿಡ್ಡ ಮಾಡಿಸಿ, ಕ್ಯಾಲಿಪರ್ ಲಿವರ್ ಕೋನ ಸರಿಮಾಡಿಸಿದ ಮೇಲೆ ಈಗ ಏಳು ಕ್ಲಿಕ್ಕಿಗೆ ನಿಲ್ಲುತ್ತದೆ. ಅಮ್ಮನಿಗೆ ನಂಬಿಕೆ ಬಂದಿಲ್ಲ. ಹಿತ್ತಿಲಿನಿಂದ ಒಂದು ತುಂಡು ಮುರಕಲ್ಲು ತಂದು, ಚಕ್ರದಡಿ ಕೊಡಲೆಂದು ಅಂಗಳದಲ್ಲಿ ಇಟ್ಟಿದ್ದಾರೆ. ಕಾರು ಬಂದ ಕೂಡಲೇ ಒಳಗಿನಿಂದಲೇ ಕೇಳುತ್ತಾರೆ, "ಕಲ್ಲು ಕೊಟ್ಟಿದ್ದಿಯಾ?"

ಇನ್ನೊಂದು ಪೆಟ್ಟು ಬಿದ್ದದ್ದು 2024ರಲ್ಲಿ. ಹಿಂದಿನ ಪ್ಯಾಡ್ ಬದಲಿಸಲು ಊರಿನ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಹ್ಯಾಂಡ್ ಬ್ರೇಕ್ ಒಳಗೇ ಇರುವ ಕ್ಯಾಲಿಪರ್‌ನ ಪಿಸ್ಟನ್ನನ್ನು ತಿರುಗಿಸುತ್ತಾ ಹಿಂದಕ್ಕೆ ಕೂರಿಸಬೇಕು, ಒಳಗೆ ಸ್ಕ್ರೂ ಇರುತ್ತದೆ. ಮುಂದಿನ ಕ್ಯಾಲಿಪರ್ ತರ ಕ್ಲಾಂಪ್ ಹಾಕಿ ಒತ್ತಬಾರದು. ಅಲ್ಲಿನ ಹುಡುಗ ಕ್ಲಾಂಪ್ ಹಾಕಿ ಒತ್ತಿದ. ಎಡಗಡೆಯ ಒಳಗಿನ ಭಾಗ ಮುರಿಯಿತು. ಹೊಸ ಕ್ಯಾಲಿಪರ್ ನನ್ನ ಖರ್ಚಿನಲ್ಲೇ. "ಕಂಪನಿ ಸಾಮಾನಲ್ಲ, ನಮಗೆ ಹೇಗೆ ಗೊತ್ತಾಗಬೇಕು?" ಅಂದರು. ಮಾತಿನಲ್ಲಿ ಅರ್ಧ ನ್ಯಾಯ ಉಂಟು. ಈಗ ಎಲ್ಲಿ ಬಿಟ್ಟರೂ ಸ್ಟಿಯರಿಂಗ್ ಮೇಲೆ ಒಂದು ಚೀಟಿ ಅಂಟಿಸಿ ಬಿಡುತ್ತೇನೆ.

ಉಪ್ಪುಗಾಳಿಯದ್ದು ಬೇರೆಯೇ ಕಥೆ. ಮಳೆಗಾಲದಲ್ಲಿ ಕಾರು ನಾಲ್ಕು ದಿನ ನಿಂತರೆ ಡಿಸ್ಕ್ ಮೇಲೆ ಕೇಸರಿ ಬಣ್ಣ. ಹೊರಡುವಾಗ ಕರಕರ ಸದ್ದು, ಮೊದಲ ಎರಡು ಬ್ರೇಕಿಗೆ ಹೋಗುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಕ್ಯಾಲಿಪರ್ ಜಾರುವ ಪಿನ್ನುಗಳಿಗೆ. ಹಿಂದಿನ ಬ್ರೇಕಿಗೆ ಕೆಲಸ ಕಡಿಮೆ, ಬಿಸಿ ಕಡಿಮೆ, ಹಾಗಾಗಿ ತುಕ್ಕು ಆರಾಮವಾಗಿ ಕೂರುತ್ತದೆ. ಒಂದು ಪಿನ್ ಹಿಡಿದುಕೊಂಡು ಒಳಗಿನ ಪ್ಯಾಡ್ 3 ಮಿ.ಮೀ., ಹೊರಗಿನದು 7 ಮಿ.ಮೀ. ಆಗಿತ್ತು. ಈಗ ಮಳೆಗೆ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಬಿಚ್ಚಿ ಸಿಲಿಕೋನ್ ಗ್ರೀಸ್ ಹಚ್ಚಿಸುತ್ತೇನೆ. ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಇದ್ದರೆ, ನೀರು ಸೇರಿದ್ದಕ್ಕೆ ಇರಬೇಕಾದ ಕನಿಷ್ಠ ಮಟ್ಟ 155. ನಮ್ಮ ಕಡೆಯ ತೇವಕ್ಕೆ ಇದನ್ನು ಮುಂದೂಡಬಾರದು.

ಖರ್ಚು ಹೇಳಿಬಿಡುತ್ತೇನೆ. ಡಿಸ್ಕ್, ಮೊದಲ ಕ್ಯಾಲಿಪರ್, ಪ್ಲೇಟ್, ಹೋಸ್, ಲೇತ್ ಕೂಲಿ ಎಲ್ಲ ಸೇರಿ 31,500. ಎರಡನೇ ಜೋಡಿ ಕ್ಯಾಲಿಪರ್, ಕೇಬಲ್ ಕೆಲಸ, ಮುರಿದದ್ದರ ಬದಲು ಸೇರಿ ಇನ್ನೊಂದು 14,000. ಮೆಕ್ಯಾನಿಕ್ ಹೇಳಿದ ಮೂರು ಸಾವಿರ ನೆನಪಿದೆ. ಅವರಿಗೂ ನೆನಪಿದೆ, ಸಿಕ್ಕಾಗೆಲ್ಲ ನಗುತ್ತಾರೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅಪಘಾತ ಆದರೆ ವಿಮೆಯವರು ಇದೇ ಎಳೆ ಹಿಡಿದು ಎಳೆಯಬಹುದು. ನಾನು ಮಾಡಿಸುವಾಗ ಇದನ್ನು ಓದಿರಲಿಲ್ಲ, ಆಮೇಲೆ ಓದಿದೆ. ನೀವು ಮೊದಲೇ ಓದಿ.

ಐದರಲ್ಲಿ ಎಷ್ಟು ಅಂದರೆ, ಮಳೆಗಾಲಕ್ಕೆ ನಾಲ್ಕು, ಹ್ಯಾಂಡ್ ಬ್ರೇಕಿಗೆ ಎರಡು, ಕೊಟ್ಟ ದುಡ್ಡಿಗೆ ಒಂದು. ನಿಮ್ಮ ಹಳೇ ಕಾರಿನ ಬ್ರೇಕ್ ಸರಿ ಇಲ್ಲ ಅನಿಸಿದರೆ ಮೊದಲು ಡ್ರಮ್ ಬಿಚ್ಚಿಸಿ ನೋಡಿ, ಸಿಲಿಂಡರ್, ಲೈನರ್, ಆಯಿಲ್, ಟಯರ್ ಇಷ್ಟು ಹೊಸದು ಮಾಡಿಸಿ, ಒಂದು ತಿಂಗಳು ಓಡಿಸಿ. ಆಮೇಲೂ ಡಿಸ್ಕ್ ಬೇಕೇಬೇಕು ಅನಿಸಿದರೆ ಅದು ಆಸೆ, ಅಗತ್ಯ ಅಲ್ಲ. ಆಸೆಗೆ ನಾನು ಬೇಡ ಅನ್ನುವವನಲ್ಲ, ನನ್ನನ್ನೇ ನೋಡಿ.

ಕಾರಿನ ನೋಂದಣಿ 2022ರಲ್ಲಿ ನವೀಕರಣ ಆಗಿದೆ, ಮುಂದಿನದು 2027ಕ್ಕೆ. ಬಿಚ್ಚಿದ ಡ್ರಮ್, ಬ್ಯಾಕ್ ಪ್ಲೇಟ್ ಯಾವುದನ್ನೂ ಗುಜರಿಗೆ ಹಾಕಿಲ್ಲ. ಗ್ರೀಸ್ ಹಚ್ಚಿ ಗೋಣಿಯಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದೇನೆ. ಕಳೆದ ವಾರ ಹತ್ತಿ ನೋಡಿದೆ, ತುಕ್ಕು ಹಿಡಿದಿಲ್ಲ. ಇಳಿಯುವಾಗ ಮೆಕ್ಯಾನಿಕ್‌ಗೆ ಫೋನ್ ಮಾಡಿ, ವೀಲ್ ಸಿಲಿಂಡರ್ ಈಗ ಎಷ್ಟು ಅಂತ ಕೇಳಿದೆ.