ಡೋರ್ ಅಲಾರಂ: ಅಲ್ಝೈಮರ್ ಇರುವ ಮನೆಯಲ್ಲಿ ಬಳಸಿ ನೋಡಿದ್ದು

ಈ ಡೋರ್ ಅಲಾರಂಗಳನ್ನು ಕಳ್ಳರ ಭಯಕ್ಕೆಂದು ಮಾರುತ್ತಾರೆ. ನಾವು ತರಿಸಿದ್ದು ಮನೆಯೊಳಗಿನವರಿಗಾಗಿ. ನಮ್ಮ ಮಾವನವರಿಗೆ ಅಲ್ಝೈಮರ್. ವಿಜಯಪುರದ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ನಸುಕಿನಲ್ಲಿ ಎದ್ದು, ಜಮಖಂಡಿ ಗಾಡಿ ಬಿಡುವ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಮಧ್ಯಾಹ್ನ ಉಂಡದ್ದು ನೆನಪಿರುವುದಿಲ್ಲ, ಡ್ಯೂಟಿ ಮಾತ್ರ ನೆನಪಿರುತ್ತದೆ. ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೇ ಈ ಕಾಯಿಲೆ ಮೊದಲು ಕೈ ಹಾಕುತ್ತದೆ, ಹಾಗಾಗಿ ಹಳೆಯದು ಬಹಳ ದಿನ ಉಳಿಯುತ್ತದೆ ಎಂದು ನರರೋಗ ವೈದ್ಯರು ಹೇಳಿದ್ದರು.

ರಾತ್ರಿ ಬಾಗಿಲಿಗೆ ಕೀಲಿ ಹಾಕಿಬಿಡಿ ಎಂಬ ಸಲಹೆ ನಮ್ಮ ಓಣಿಯಲ್ಲಿ ಪುಕ್ಕಟೆ ಸಿಗುತ್ತದೆ. ಹಾಕಿದರೆ ಅವರು ಗಾಬರಿಯಾಗಿ ಕದ ಬಡಿಯುತ್ತಾರೆ. ಬೆಂಕಿಗಿಂಕಿ ಹತ್ತಿದರಂತೂ ಕತ್ತಲೆಯಲ್ಲಿ ಕೀಲಿಕೈ ಹುಡುಕುವವರು ಯಾರು?

ಸಾಮಾನಿನ ವಿಷಯಕ್ಕೆ ಬರುತ್ತೇನೆ. ಬೆಲೆ ಮುನ್ನೂರು ರೂಪಾಯಿಯ ಒಳಗೆ. ಬೆರಳುದ್ದದ ಎರಡು ತುಂಡು: ಒಂದನ್ನು ಚೌಕಟ್ಟಿಗೆ, ಅಯಸ್ಕಾಂತ ಇರುವ ಇನ್ನೊಂದನ್ನು ಕದಕ್ಕೆ ಅಂಟಿಸಬೇಕು. ಕದ ತೆರೆದು ಎರಡೂ ದೂರವಾದ ಕೂಡಲೇ ಕೂಗುತ್ತದೆ. ಸೆಲ್‌ ಮೇಲೆ ನಡೆಯುವುದರಿಂದ ಕರೆಂಟು ಹೋದರೂ ಚಿಂತೆಯಿಲ್ಲ. ಆದರೆ ಇದನ್ನು ಮಾಡಿದವರು ನಮ್ಮ ಕಡೆಯ ಎರಡು ಕದದ ಹಳೆಯ ಬಾಗಿಲನ್ನು ಕಂಡೇ ಇಲ್ಲ. ಕದ ಜೋತಿದ್ದರಿಂದ ತುಂಡುಗಳ ನಡುವೆ ಸಂದು ಹೆಚ್ಚಾಗಿ, ಬಾಗಿಲು ಮುಚ್ಚಿದ್ದರೂ ತೆರೆದಿದೆ ಎಂದೇ ತಿಳಿದು ಕೂಗಿಕೊಂಡಿತು. ಬಡಿಗರನ್ನು ಕರೆಸಿ ಚೌಕಟ್ಟಿಗೆ ಕಟ್ಟಿಗೆಯ ಪಟ್ಟಿ ಹೊಡೆಸಬೇಕಾಯಿತು. ಜೊತೆಗೆ ಬಂದ ಅಂಟುಪಟ್ಟಿಯಂತೂ ನಮ್ಮ ಏಪ್ರಿಲ್ ಬಿಸಿಲಿಗೆ ಬೆಣ್ಣೆಯಂತೆ ಜಾರಿತು. ಸಣ್ಣ ಸ್ಕ್ರೂ ಹಾಕಿಸುವುದೇ ಲೇಸು.

ಕೊಳ್ಳುವವರು ಮುಖ್ಯವಾಗಿ ನೋಡಬೇಕಾದದ್ದು ದನಿಯನ್ನು. ಸೈರನ್ ಒಂದೇ ಇರುವುದನ್ನು ಕೊಳ್ಳಲೇಬೇಡಿ. ಅಲ್ಝೈಮರ್ ಇರುವವರು ಇದ್ದಕ್ಕಿದ್ದಂತೆ ಬರುವ ಗದ್ದಲಕ್ಕೆ ಬೆದರುತ್ತಾರೆ, ಸಿಟ್ಟಾಗುತ್ತಾರೆ. ಇದರಲ್ಲಿ ಕರೆಗಂಟೆಯ ದನಿಯೂ ಇದೆ. ಮಾವನವರು ಅದನ್ನು ಬಸ್ಸಿನ ಗಂಟೆ ಎಂದುಕೊಂಡು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಅಷ್ಟರಲ್ಲಿ ನಾನು ಎದ್ದು ಬಂದಿರುತ್ತೇನೆ.

"ಬ್ಯಾಗು ಎಲ್ಲಿಟ್ಟಿದ್ದೀ ಅವ್ವಾ?" ಎನ್ನುತ್ತಾರೆ.

"ಚಹಾ ಕುಡಿದು ಹೋಗಿರಂತೆ, ಬನ್ನಿ ಮಾವಾ. ಜಮಖಂಡಿ ಗಾಡಿಗೆ ಸಂತೆಯ ದಿನ ಎಷ್ಟು ಮಂದಿ ಹತ್ತುತ್ತಿದ್ದರು?"

ನೀವು ರಿಟೈರ್ ಆಗಿದ್ದೀರಿ ಎಂದು ವಾದಿಸಿದರೆ ರಾತ್ರಿಯೆಲ್ಲ ಜಗಳ. ಗಾಡಿಯ ಮಾತೆತ್ತಿದರೆ ಟಿಕೆಟ್ ದರ, ಚಿಲ್ಲರೆಯ ತಾಪತ್ರಯ ಎಲ್ಲ ಹೇಳುತ್ತಾ ಕುಳಿತುಬಿಡುತ್ತಾರೆ.

ಅಲಾರಂ ಕೂಗಿದ ಹೊತ್ತನ್ನು ಕ್ಯಾಲೆಂಡರ್ ಮೇಲೆ ಬರೆಯುತ್ತಾ ಬಂದೆ. ಹೆಚ್ಚಿನ ಸಲ ಅದು ಅವರು ಮೂತ್ರಕ್ಕೆ ಏಳುವ ಹೊತ್ತು. ಕತ್ತಲೆಯಲ್ಲಿ ಬಚ್ಚಲು ಕಾಣದೆ, ಕಂಡ ಬಾಗಿಲನ್ನು ತೆರೆಯುತ್ತಿದ್ದರು. ಈಗ ಬಚ್ಚಲಿನ ದೀಪ ರಾತ್ರಿಯಿಡೀ ಉರಿಯುತ್ತದೆ, ಅದರ ಬಾಗಿಲು ಅರ್ಧ ತೆರೆದೇ ಇರುತ್ತದೆ. ಸಂಜೆ ಗೋಳಗುಮ್ಮಟದ ಕಡೆಗೆ ಅಡ್ಡಾಡಿಸಿ ತಂದರೆ ನಿದ್ದೆಯೂ ಚೆನ್ನಾಗಿ ಹತ್ತುತ್ತದೆ. ಗಂಟೆ ಬಾರಿಸುವುದು ಕಡಿಮೆಯಾದದ್ದು ಇವುಗಳಿಂದ.

ಇನ್ನು ಔಷಧ. ಮೊದಲು ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಅವುಗಳ ಕೊರತೆಯಿಂದಲೂ ಮರೆವು ಬರುತ್ತದೆ, ಬಂದರೆ ಚಿಕಿತ್ಸೆ ಇದೆ. ಆಮೇಲೆ ಡೊನೆಪೆಜಿಲ್ ಕೊಟ್ಟರು. ರಾತ್ರಿ ತೆಗೆದುಕೊಂಡಾಗ ಕೆಟ್ಟ ಕನಸು ಬಿದ್ದು ಚೀರುತ್ತಿದ್ದರು, ವೈದ್ಯರು ಬೆಳಗಿನ ಹೊತ್ತಿಗೆ ಬದಲಿಸಿದರು. ಕೆಲವರಿಗೆ ಅದು ಕೆಲ ಕಾಲ ಆಸರೆಯಾಗುತ್ತದೆ. ಕಾಯಿಲೆಯನ್ನು ತಡೆದು ನಿಲ್ಲಿಸುವುದಿಲ್ಲ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಅಂಟಿಗೆ ಕಳೆದೆ, ಒಂದು ಅಂಕ ಆಫ್ ಮಾಡುವ ಗುಂಡಿಗೆ: ಅದು ಅವರ ಕೈಗೂ ಎಟುಕುವಂತಿದೆ. ಚೌಕಟ್ಟಿನ ತೀರಾ ಮೇಲಕ್ಕೆ ಹಚ್ಚಿ. ಹಿತ್ತಲ ಬಾಗಿಲಿಗೆ ಬೇರೆ ಕಂಪನಿಯದನ್ನು ತರಿಸಿದ್ದೇನೆ. ದನಿ ಬೇರೆಯಾದ್ದರಿಂದ ಯಾವ ಕಡೆ ಓಡಬೇಕೆಂದು ಹಾಸಿಗೆಯಲ್ಲೇ ತಿಳಿಯುತ್ತದೆ.