ಸೈಕಸ್ ಬಳಗದ ಮೂರು ಗಿಡ, ಎರಡು ಹವೆ: ಹಾಸನದಲ್ಲೂ ಸಕಲೇಶಪುರದಲ್ಲೂ ಬೆಳೆಸಿ ನೋಡಿದ್ದು

ನರ್ಸರಿಯಲ್ಲಿ ಸೈಕಸ್ ಕೊಡಿ ಅಂದರೆ ಒಂದೇ ಗಿಡ ತಂದು ಮುಂದಿಡುತ್ತಾರೆ. ಗಿಡ್ಡ ದಿಂಡು, ಸುತ್ತ ಬಿರುಸಾದ ಕಡು ಹಸಿರು ಗರಿ. ಜಪಾನಿನ ದಕ್ಷಿಣ ಭಾಗದಿಂದ ಬಂದ ಸೈಕಸ್ ರೆವೊಲ್ಯೂಟ ಅದು. ಹಾಸನದಲ್ಲಿ ಹೊಸ ಮನೆ ಕಟ್ಟಿದವರು ಗೇಟಿನ ಎರಡೂ ಪಕ್ಕ ಒಂದೊಂದು ಇಟ್ಟೇ ಇಡುತ್ತಾರೆ. ಆದರೆ ಇದೇ ಬಳಗದ ಇನ್ನೆರಡು ಗಿಡ ಸ್ವಲ್ಪ ಹುಡುಕಿದರೆ ಸಿಗುತ್ತವೆ. ಒಂದು ನಮ್ಮ ಪಶ್ಚಿಮ ಘಟ್ಟದ್ದೇ, ಸೈಕಸ್ ಸರ್ಸಿನಾಲಿಸ್. ಇನ್ನೊಂದು ಮೆಕ್ಸಿಕೋ ಕರಾವಳಿಯ ಜೇಮಿಯಾ ಫರ್ಫುರೇಸಿಯ. ಇದಕ್ಕೆ ಮಾರುವವರು ಕಾರ್ಡ್‌ಬೋರ್ಡ್ ಪಾಮ್ ಅಂತಾರೆ, ಇದು ಸೈಕಸ್ ಅಲ್ಲ, ಅದರ ನೆಂಟ. ನಾನು ಈ ಮೂರನ್ನೂ ಹಾಸನದ ನಮ್ಮ ಮನೆ ಅಂಗಳದಲ್ಲಿ ಬೆಳೆಸಿದ್ದೇನೆ. ಸಕಲೇಶಪುರದ ಆಚೆ ತವರಿನ ಕಾಫಿ ತೋಟದಲ್ಲೂ ಇಟ್ಟು ನೋಡಿದ್ದೇನೆ. ಜಿಲ್ಲೆ ಒಂದೇ, ಹವೆ ಮಾತ್ರ ಅಜಗಜಾಂತರ.

ಮೊದಲೇ ಒಂದು ಮಾತು. ಪಾಮ್ ಅಂತ ಎಷ್ಟೇ ಕರೆದರೂ ಇವು ತಾಳೆ, ತೆಂಗಿನ ಜಾತಿಯಲ್ಲ. ಇವುಗಳಲ್ಲಿ ಹೂವೇ ಇಲ್ಲ, ಪೈನ್ ಮರದ ಥರ ಕೋನ್, ಅಂದರೆ ಪರಾಗವೋ ಬೀಜವೋ ಇರುವ ಗುಬ್ಬಿ, ಬಿಡುತ್ತವೆ. ತೆಂಗಿಗೆ ಒಂದಾದ ಮೇಲೊಂದು ಗರಿ ಬರುತ್ತಲೇ ಇರುತ್ತದೆ. ಸೈಕಸ್ ಹಾಗಲ್ಲ. ತಿಂಗಳುಗಟ್ಟಲೆ ಸುಮ್ನೆ ಕೂತಿದ್ದು, ಒಂದು ದಿನ ಸುಳಿಯಿಂದ ಎಲ್ಲಾ ಗರಿಗಳನ್ನೂ ಒಟ್ಟಿಗೇ ಹೊರಡಿಸುತ್ತದೆ. ಆ ಕೆಲವು ವಾರ ಏನಾಗುತ್ತದೋ ಅದನ್ನೇ ನಾವು ವರ್ಷವಿಡೀ ನೋಡಬೇಕು. ಚಿಗುರು ಕೆಟ್ಟರೆ ಮುಂದಿನ ಚಿಗುರಿನ ತನಕ ಬೇರೆ ದಾರಿಯಿಲ್ಲ. ಹಾಗಾಗಿ ಯಾವ ಗಿಡ ಚಂದ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಅದು ಚಿಗುರುವ ಹೊತ್ತಿಗೆ ನಿಮ್ಮೂರಲ್ಲಿ ಏನಿರುತ್ತದೆ, ಬಿಸಿಲೋ ಮಳೆಯೋ, ಅದನ್ನು ಮೊದಲು ನೋಡಿ.

ರೆವೊಲ್ಯೂಟ ಹಾಸನದ ಬಿಸಿಲಿಗೆ ಹೇಳಿ ಮಾಡಿಸಿದ ಗಿಡ. ಬೇಸಿಗೆಯಲ್ಲಿ ನಾಲ್ಕು ಹನಿ ಮಳೆ ಬಿದ್ದು ನೆಲ ಹದವಾಗುವಾಗ ಸುಳಿ ಸಡಿಲವಾಗುತ್ತದೆ. ನಡುವಿನ ಕಂದು ತುಪ್ಪಳ ಅಗಲವಾಗಿ, ಅದರೊಳಗಿಂದ ಬೆರಳುದ್ದದ ಬೂದು ಹಸಿರು ಕಡ್ಡಿಗಳು ಸುತ್ತಲೂ ಏಳುತ್ತವೆ. ಆಗ ಹತ್ತಿರ ಹೋಗಿ ನೋಡಬೇಕು. ಕಡ್ಡಿ ನೆಟ್ಟಗೇ ಮೇಲೆ ಬರುತ್ತದೆ, ಅದರ ಎರಡೂ ಬದಿಯ ಒಂದೊಂದು ಎಳೆಯೂ, ಅಂದರೆ ಕಿರು ಎಲೆಯೂ, ಚಕ್ಕುಲಿ ಸುತ್ತಿದ ಹಾಗೆ ಸುರುಳಿಯಾಗಿರುತ್ತದೆ. ದಿನ ಕಳೆದ ಹಾಗೆ ಬುಡದಿಂದ ಸುರುಳಿ ಬಿಚ್ಚುತ್ತಾ ಹೋಗುತ್ತದೆ. ಮುಟ್ಟಿದರೆ ಮೆತ್ತಗೆ, ಕೈಗೆ ಸಣ್ಣ ರೋಮ ಹತ್ತುತ್ತದೆ. ಮುಟ್ಟದಿದ್ದರೇ ಒಳ್ಳೆಯದು, ಬಗ್ಗಿದ ಗರಿ ಹಾಗೇ ಗಟ್ಟಿಯಾಗಿಬಿಡುತ್ತದೆ. ಕುಂಡದಲ್ಲಿದ್ದರೆ ಈ ಸಮಯದಲ್ಲಿ ಜಾಗ ಬದಲಿಸಬೇಡಿ, ತಿರುಗಿಸಲೂ ಬೇಡಿ. ಹಾಗೆ ಮಾಡಿದರೆ ಗರಿಗಳು ಬೆಳಕಿನ ಕಡೆ ವಾಲಿ ಒಂದು ಪಕ್ಕದ ಕೂದಲು ಬೋಳಿಸಿದಂಥ ಗಿಡವಾಗುತ್ತದೆ.

ತವರಿನಲ್ಲಿ ಇದೇ ಗಿಡದ ಮರಿ ಇನ್ನೊಂದು ಕಥೆ. ಸಿಲ್ವರ್ ಓಕ್ ನೆರಳಲ್ಲಿ ಚಿಗುರು ತಡವಾಯಿತು. ತಡವಾಗಿದ್ದು ಸೀದಾ ಹೋಗಿ ಆರಿದ್ರಾ ಮಳೆಗೆ ಸಿಕ್ಕಿತು. ಗರಿಗಳು ಬೆಳಕು ಹುಡುಕಿಕೊಂಡು ಉದ್ದುದ್ದ ಬೆಳೆದು ಜೋತು ಬಿದ್ದವು, ಮೇಲೆಲ್ಲ ಕಂದು ಚುಕ್ಕೆ. ಸುಳಿಯ ತುಪ್ಪಳ ನೀರು ಹೀರಿಕೊಂಡು ವಾರಗಟ್ಟಲೆ ಒದ್ದೆಯಾಗೇ ಇತ್ತು. ಅಣ್ಣ ಅಡಿಕೆಗೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಇದಕ್ಕೂ ಒಂದು ಕೈ ಹೊಡೆಸಿದ. ಗಿಡವೇನೋ ಉಳಿಯಿತು. ಆದರೆ ಚಂದಕ್ಕೆ ಇಟ್ಟ ಗಿಡ ಬರೀ ಉಳಿದರೆ ಸಾಕಾ?

ಹಾಸನದಲ್ಲಿ ರೆವೊಲ್ಯೂಟಕ್ಕೆ ಬರುವ ಕಾಟ ಬೇರೆ ಎರಡು. ಒಂದು, ಹೊಸ ಗರಿ ಹಳದಿಯಾಗಿ ಸುಟ್ಟು ಮುದುಡಿದ ಹಾಗೆ ಬರುವುದು. ರೋಗ ಅಂತ ಎಲ್ಲರೂ ಹೆದರುತ್ತಾರೆ. ಬಹುಪಾಲು ಅದು ಮ್ಯಾಂಗನೀಸ್ ಕೊರತೆ. ಮನೆ ಕಟ್ಟುವಾಗ ಗೋಡೆ ಬುಡದಲ್ಲಿ ಸಿಮೆಂಟು, ಗಾರೆ ಚೂರು ಬಿದ್ದು ಮಣ್ಣು ಕ್ಷಾರವಾಗಿರುತ್ತದಲ್ವಾ, ಅಲ್ಲಿ ಮ್ಯಾಂಗನೀಸ್ ಇದ್ದರೂ ಬೇರಿಗೆ ಸಿಗುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಮ್ಯಾಂಗನೀಸ್ ಸಲ್ಫೇಟ್ ಸಿಗುತ್ತದೆ, ಅದನ್ನು ಬುಡಕ್ಕೆ ಹಾಕಿ ನೀರು ಕೊಡಬೇಕು. ಕೆಟ್ಟ ಗರಿ ಸರಿಹೋಗುವುದಿಲ್ಲ, ಮುಂದಿನ ಚಿಗುರು ಹಸಿರಾಗಿ ಬರುತ್ತದೆ.

ಎರಡನೆಯದು ಚಿಟ್ಟೆ. ಪ್ಲೇನ್ಸ್ ಕ್ಯೂಪಿಡ್ ಅಂತ ಹೆಬ್ಬೆರಳ ಉಗುರಷ್ಟಿರುವ ತಿಳಿ ನೀಲಿ ಚಿಟ್ಟೆ, ಹಿಂದಿನ ರೆಕ್ಕೆಯ ತುದಿಗೆ ಎಳೆಯಂಥ ಬಾಲ. ನೋಡಲು ಬಹಳ ಮುದ್ದು. ಸೈಕಸ್ ಸುಳಿ ಬಿಚ್ಚಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೋ, ನನಗಿಂತ ಮೊದಲು ಹಾಜರಿರುತ್ತದೆ. ಎಳೆ ಗರಿಯ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆ ಇಟ್ಟು ಹೋಗುತ್ತದೆ. ಹುಳುಗಳು ಮೆತ್ತನೆಯ ಎಳೆಯನ್ನೆಲ್ಲ ಕೆರೆದು ತಿಂದು ಬರೀ ಕಡ್ಡಿ ಉಳಿಸುತ್ತವೆ. ಹುಳುವಿನ ಬಣ್ಣ ಚಿಗುರಿನದೇ, ಕಣ್ಣಿಗೆ ಬೀಳುವುದಿಲ್ಲ. ಗುರುತು ಸಿಗುವುದು ಇರುವೆಯಿಂದ. ಹುಳು ಸಿಹಿ ರಸ ಬಿಡುತ್ತದೆ, ಅದಕ್ಕಾಗಿ ಇರುವೆಗಳು ಕಾವಲು ನಿಲ್ಲುತ್ತವೆ. ಸುಳಿಗೆ ಇರುವೆ ಸಾಲು ಹತ್ತುತ್ತಿದ್ದರೆ ಅವತ್ತೇ ನೋಡಬೇಕು, ನಾಳೆ ಅಂದರೆ ಮುಗೀತು. ಬೇವಿನೆಣ್ಣೆ ಸಿಂಪಡಿಸಬಹುದು. ನನಗೆ ಜಾಸ್ತಿ ಹಿಡಿಸಿದ್ದು ಹಳೇ ಸೊಳ್ಳೆಪರದೆ. ಸುಳಿ ಸಡಿಲವಾದ ಕೂಡಲೇ ನಾಲ್ಕು ಕೋಲು ನೆಟ್ಟು ಹೊದಿಸಿ, ಗರಿ ಗಟ್ಟಿಯಾದ ಮೇಲೆ ತೆಗೆಯುವುದು. ಪಕ್ಕದ ಮನೆಯವರು "ಏನಕ್ಕಾ, ಗಿಡಕ್ಕೂ ಸೊಳ್ಳೆ ಕಾಟನಾ?" ಅಂತ ನಗುತ್ತಾರೆ. ನಗಲಿ ಬಿಡಿ.

ಈಗ ಘಟ್ಟದ ಸೈಕಸ್. ತವರಿನ ತೋಟದ ದಿಬ್ಬದಲ್ಲಿ ಅಜ್ಜನ ಕಾಲದ್ದೊಂದು ಇದೆ, ನನಗಿಂತ ಎಷ್ಟೋ ಎತ್ತರ. ಅದರ ಸ್ವಭಾವವೇ ಬೇರೆ. ಗರಿ ಆಳುದ್ದ ದಾಟುತ್ತದೆ. ಎಳೆಗಳು ಚಪ್ಪಟೆ, ಮೃದು, ತಿಳಿ ಹಸಿರು. ರೆವೊಲ್ಯೂಟದ ಹಾಗೆ ಅಂಚು ಒಳಗೆ ಮಡಚಿರುವುದಿಲ್ಲ, ತುದಿ ಚುಚ್ಚುವುದೂ ಅಷ್ಟಿಲ್ಲ. ನಮ್ಮಲ್ಲಿ ಅದು ಚಿಗುರುವುದು ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ಹಿಂದೆಯೇ. ಮುಂಗಾರು ಹಿಡಿಯುವಷ್ಟರಲ್ಲಿ ಗರಿ ಬಲಿತಿರುತ್ತದೆ. ಆಮೇಲೆ ಆಶ್ಲೇಷ ಮಳೆ ವಾರವಿಡೀ ಸುರಿದರೂ ಅದಕ್ಕೇನೂ ಅನಿಸುವುದಿಲ್ಲ. ಘಟ್ಟದ ಮಳೆ, ನೆರಳಲ್ಲೇ ಹುಟ್ಟಿ ಬೆಳೆದದ್ದು ತಾನೇ. ಚಿಟ್ಟೆ ಇದಕ್ಕೂ ಬರುತ್ತದೆ, ಆದರೆ ದೊಡ್ಡ ಮರದ ಸುಳಿ ಪೂರ್ತಿ ಬೋಳಾಗಿದ್ದನ್ನು ನಾನು ನೋಡಿಲ್ಲ.

ಇದರ ಸಸಿಯೊಂದನ್ನು ಹಾಸನಕ್ಕೆ ತಂದು ಪಶ್ಚಿಮದ ಬಿಸಿಲು ಹೊಡೆಯುವ ಕಡೆ ನೆಟ್ಟಾಗ ಫೆಬ್ರವರಿಯಿಂದಲೇ ಎಳೆಗಳ ತುದಿ ಸುಟ್ಟುಕೊಂಡವು. ಮಾವಿನ ಮರದ ಅರೆನೆರಳಿಗೆ ಬಂದ ಮೇಲೆ, ಬುಡಕ್ಕೆ ತರಗೆಲೆ ಮುಚ್ಚಿದ ಮೇಲೆ ಚೇತರಿಸಿಕೊಂಡಿದೆ. ಜಾಗ ಮಾತ್ರ ಬೇಕು. ಬೆಳೆದರೆ ಹನ್ನೆರಡು ಅಡಿ ಅಗಲಕ್ಕೆ ಗರಿ ಚಾಚುತ್ತದೆ, ಮೂವತ್ತು ನಲವತ್ತರ ಸೈಟಿನ ಮನೆಗೆ ಇದು ಆಗದ ಮಾತು. ಇನ್ನೊಂದು ವಿಷಯ: ಇದರ ಗರಿಗೆ ಚಪ್ಪರ, ಮಂಟಪ ಅಲಂಕಾರದವರಿಂದ ಬೇಡಿಕೆ ಇದೆ. ಕಾಡಿನಲ್ಲಿ ಗರಿ, ಕೋನ್, ಬೀಜ ಎಲ್ಲಕ್ಕೂ ಕತ್ತಿ ಬಿದ್ದು ಈ ಜಾತಿ ಅಳಿವಿನಂಚಿನ ಪಟ್ಟಿಗೆ ಸೇರಿದೆ. ದಯವಿಟ್ಟು ಕಾಡಿನಿಂದ ಕಿತ್ತ ಗಿಡ ಕೊಳ್ಳಬೇಡಿ. ಬೀಜದಿಂದ ಮಾಡಿದ ಸಸಿಯನ್ನೇ ಕೇಳಿ ತನ್ನಿ. ಗೌರಿ ಹಬ್ಬಕ್ಕೆ "ಎರಡೇ ಎರಡು ಗರಿ ಕೊಡಿ ಅತ್ತಿಗೆ" ಅಂತ ಬರುವವರಿಗೆ ನಾನು ಹಳೇ ಸುತ್ತಿನ ಕೆಳಗಿನ ಗರಿ ಕೊಡುತ್ತೇನೆ, ಮೇಲಿನದು ಮುಟ್ಟಿಸುವುದಿಲ್ಲ.

ಜೇಮಿಯಾ ಬಗ್ಗೆ ಹೇಳಲು ಕಷ್ಟವೇನಿಲ್ಲ, ಸುಲಭದ ಗಿಡ. ಎಲೆ ದಪ್ಪ, ಮೊಂಡು ತುದಿ, ಮುಟ್ಟಿದರೆ ಒರಟು. ತೊಟ್ಟಿನಲ್ಲಿ ಮಾತ್ರ ಸಣ್ಣ ಮುಳ್ಳು. ಸೈಕಸ್‌ನ ಎಳೆಗೆ ನಡುವೆ ಒಂದು ನರ ಇರುತ್ತದೆ, ಇದರದ್ದಕ್ಕೆ ನಡುನರವೇ ಇಲ್ಲ. ಚಿಗುರು ಸುರುಳಿಯಾಗಿ ಬರುವುದಿಲ್ಲ, ಕಂದು ತುಪ್ಪಳ ಹೊದ್ದು ಒಂದಕ್ಕೊಂದು ಅಂಟಿಕೊಂಡು ಬರುತ್ತದೆ. ದೊಡ್ಡ ಲಾಭವೆಂದರೆ ವರ್ಷದಲ್ಲಿ ಬಿಟ್ಟು ಬಿಟ್ಟು ಚಿಗುರುತ್ತದೆ. ಒಂದು ಸುತ್ತು ಕೆಟ್ಟರೂ ವರ್ಷ ಹಾಳಾಗಲಿಲ್ಲ. ನಮ್ಮ ಮನೆಯಲ್ಲಿ ನೀಲಿ ಚಿಟ್ಟೆ ಇದನ್ನು ಮೂಸಿಯೂ ನೋಡಿಲ್ಲ. ಕುಂಡದಲ್ಲಿ ಅರ್ಧ ಮರಳು, ಜಲ್ಲಿ ಇದ್ದರೆ ಸಾಕು. ತವರಿನ ಮಳೆಗೆ ಬಯಲಲ್ಲಿಟ್ಟದ್ದು ಕೊಳೆಯುವ ಹಂತಕ್ಕೆ ಬಂತು, ಜಗಲಿಯ ಸೂರಿನ ಕೆಳಗಿಟ್ಟದ್ದು ಚೆನ್ನಾಗಿದೆ. ಕುಂಡ ಬದಲಿಸುವಾಗ ಮೇಲ್ಮಣ್ಣಿನಲ್ಲಿ ಹವಳದಂಥ ಗಂಟು ಬೇರು ಕಂಡರೆ ಕತ್ತರಿಸಬೇಡಿ. ಅದು ಮೂರೂ ಗಿಡದಲ್ಲಿ ಇರುತ್ತದೆ. ಅದರೊಳಗಿನ ನೀಲಿ ಹಸಿರು ಪಾಚಿ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಯೂರಿಯಾ ಸುರಿಯುವ ಅಗತ್ಯವಿಲ್ಲ, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಧಾರಾಳ.

ಕೋನಿನ ವಿಷಯಕ್ಕೆ ಬಂದರೆ ಜೇಮಿಯಾಗೆ ಎದುರಿಲ್ಲ. ಈ ಬಳಗದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕೋನ್ ಬಿಡುವ ತನಕ ಯಾವುದು ಯಾವುದೆಂದು ಹೇಳಲಾಗದು. ರೆವೊಲ್ಯೂಟ ಸಸಿಯಿಂದ ಬೆಳೆಸಿದರೆ ಹತ್ತು ಹದಿನೈದು ವರ್ಷ ಕಾಯಬೇಕು, ಜಾಸ್ತಿಯೂ ಆದೀತು. ಲಂಡನ್ನಿನ ಕ್ಯೂ ಉದ್ಯಾನಕ್ಕೆ 1775ರಲ್ಲಿ ಫ್ರಾನ್ಸಿಸ್ ಮ್ಯಾಸನ್ ದಕ್ಷಿಣ ಆಫ್ರಿಕಾದಿಂದ ತಂದ ಈ ಬಳಗದ ಗಿಡವೊಂದು ಅಲ್ಲಿ ಕೋನ್ ಬಿಟ್ಟದ್ದು 1819ರಲ್ಲಿ. ಜೇಮಿಯಾ ಅಷ್ಟು ಸತಾಯಿಸುವುದಿಲ್ಲ, ಕುಂಡದಲ್ಲಿದ್ದೇ ಚಿಕ್ಕ ವಯಸ್ಸಿಗೇ ಬಿಡುತ್ತದೆ. ಗಂಡಿಗೆ ಸಣ್ಣ ಕೋನ್‌ಗಳ ಗುಂಪು, ಹೆಣ್ಣಿಗೆ ದಪ್ಪ ಕಂದು ಕೋನ್. ಅದು ಬಲಿತು ಒಡೆದಾಗ ಒಳಗೆ ಕಡು ಕೆಂಪು ಬೀಜ.

ಜೇಮಿಯಾದ ತವರಿನಲ್ಲಿ ಸಣ್ಣ ಮೂತಿ ಹುಳುವೊಂದು ಪರಾಗ ಹೊರುತ್ತದೆ. ಹಾಸನದಲ್ಲಿ ಆ ಹುಳು ಎಲ್ಲಿ ಬರಬೇಕು? ನಾವೇ ಮಾಡಬೇಕು. ಗಂಡು ಕೋನ್ ಹಳದಿ ಪುಡಿ ಉದುರಿಸುವಾಗ ಪೇಪರ್ ಮೇಲೆ ತಟ್ಟಿಕೊಂಡು ಒಣಗಿಸಿಡುವುದು. ಹೆಣ್ಣು ಕೋನಿನ ಬಿಲ್ಲೆಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟ ದಿನಗಳಲ್ಲಿ ಸ್ಟ್ರಾದಿಂದ ಒಳಗೆ ಊದುವುದು. ಮಿಕ್ಕಿದ್ದು ಗಿಡದ ಕೆಲಸ. ಪರಾಗದಿಂದ ಈಜುವ ವೀರ್ಯಾಣು ಹುಟ್ಟಿ ಅಂಡ ಸೇರುತ್ತದೆ. ಸೈಕಸ್‌ನಲ್ಲಿ ಇದನ್ನು ಮೊದಲು ಕಂಡದ್ದು ಜಪಾನಿನ ಇಕೆನೊ, 1896ರಲ್ಲಿ, ಇದೇ ರೆವೊಲ್ಯೂಟದಲ್ಲಿ. ಬೀಜ ಬಲಿಯಲು ತಿಂಗಳುಗಳೇ ಬೇಕು. ಸಾಮಾನ್ಯವಾಗಿ ನೀರಿಗೆ ಹಾಕಿದಾಗ ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ.

ನೋಟಕ್ಕೆ ಮಾತ್ರ ರೆವೊಲ್ಯೂಟದ ಗಂಡು ಕೋನೇ ಮೇಲು. ಸುಳಿಯ ನಡುವೆ ಒಂದೇ ಚೂಪು ಗುಬ್ಬಿ ಎದ್ದರೆ ಅದು ಗಂಡು. ಕೋಸಿನಂತೆ ದುಂಡಗೆ ಉಬ್ಬಿದರೆ ಹೆಣ್ಣು. ಸುತ್ತಲೂ ಕಡ್ಡಿ ಎದ್ದರೆ ಬರೀ ಗರಿ. ಗಂಡು ಕೋನ್ ಎದ್ದು ಒಂದೂವರೆ ಅಡಿ ಆಗುತ್ತದೆ. ಪುಡಿ ಬಿಡುವ ದಿನಗಳಲ್ಲಿ ಘಾಟು ವಾಸನೆ. ಸಂಜೆ ಕೈಯಿಟ್ಟರೆ ಸುತ್ತಲಿನ ಗಾಳಿಗಿಂತ ಬೆಚ್ಚಗಿರುತ್ತದೆ. ಗಿಡವೇ ಬಿಸಿ ಹುಟ್ಟಿಸುತ್ತದೆ, ಭ್ರಮೆಯಲ್ಲ. ಕೋನ್ ಬಿಟ್ಟ ವರ್ಷ ಗರಿ ಬರದಿದ್ದರೆ ಗಾಬರಿ ಬೇಡ. ಗಂಡು ಸೈಕಸ್‌ನ ಸುಳಿ ಕೋನಿನಲ್ಲೇ ಮುಗಿಯುತ್ತದೆ, ಪಕ್ಕದಿಂದ ಹೊಸ ಸುಳಿ ಹುಟ್ಟಬೇಕು. ಹೆಣ್ಣಿನಲ್ಲಿ ಹಾಗಲ್ಲ. ಕಂದು ಉಣ್ಣೆಯಂಥ ಎಲೆಗಳ ಅಂಚಿನಲ್ಲಿ ಬೀಜ ಕೂರುತ್ತವೆ, ಅದೇ ಸುಳಿ ನಡುವಿನಿಂದ ಮತ್ತೆ ಗರಿ ಬಿಡುತ್ತದೆ. ತವರಿನ ಅಜ್ಜನ ಕಾಲದ ಮರ ಹೆಣ್ಣು. ಜೋತ ಎಲೆಗಳ ಅಂಚಿನಲ್ಲಿ ಅಡಿಕೆ ಗಾತ್ರದ ಕಾಯಿ ಬಿಡುತ್ತದೆ, ಸುತ್ತ ಗಂಡಿಲ್ಲದೆ ನೋಡಿದಷ್ಟೂ ಜೊಳ್ಳು.

ಮೂರೂ ವಿಷದ ಗಿಡ, ಇದರಲ್ಲಿ ಹೋಲಿಕೆಯೇ ಬೇಡ. ಬೀಜದಲ್ಲಿ ಜಾಸ್ತಿ. ನಾಯಿ ಬೀಜ ಅಗಿದರೆ ಲಿವರ್ ಹೋಗುತ್ತದೆ, ಗರಿ ಮೇಯ್ದ ದನಕ್ಕೆ ಹಿಂಗಾಲು ಬಿದ್ದು ಹೋಗಬಹುದು. ನಾಯಿ ಸಾಕಿದವರು ಹೆಣ್ಣು ಗಿಡದ ಬೀಜ ಬಲಿಯುವ ಮೊದಲೇ ತೆಗೆದುಬಿಡಿ. ಬೀಜದ ಮೇಲಿನ ತಿರುಳು ತೆಗೆಯುವಾಗ ಗ್ಲೌಸ್ ಇರಲಿ.

ಹಾಸನ, ಚನ್ನರಾಯಪಟ್ಟಣ, ಅರಸೀಕೆರೆ ಕಡೆ ಬಿಸಿಲಿನ ಅಂಗಳಕ್ಕೆ ರೆವೊಲ್ಯೂಟ ತನ್ನಿ, ಜೊತೆಗೊಂದು ಸೊಳ್ಳೆಪರದೆ ಎತ್ತಿಡಿ. ಸಕಲೇಶಪುರ, ಮೂಡಿಗೆರೆ ಕಡೆ ಜಾಗವಿದ್ದವರು ಘಟ್ಟದ್ದನ್ನೇ ಹಾಕಿ, ಮಳೆಯ ಊರಿನಲ್ಲಿ ರೆವೊಲ್ಯೂಟಕ್ಕೆ ಸುರಿಯುವ ದುಡ್ಡು ದಂಡ. ಬಾಲ್ಕನಿಯವರಿಗೆ, ಕೋನ್ ನೋಡುವ ಆಸೆಯವರಿಗೆ ಜೇಮಿಯಾ ಬಿಟ್ಟು ಬೇರೆ ಹೇಳುವುದಿಲ್ಲ. ರೆವೊಲ್ಯೂಟವನ್ನು ದಿಂಡಿನ ದಪ್ಪ ನೋಡಿ ದುಡ್ಡು ಕೊಡುವ ಬದಲು ಕೋನ್ ಬಿಟ್ಟ ತಾಯಿಯ ಬುಡದ ಮರಿ ಕೇಳಿ. ತಾಯಿ ಗಂಡಾದರೆ ಮರಿಯೂ ಗಂಡು, ಹೆಣ್ಣಾದರೆ ಹೆಣ್ಣು. ಜೋಡಿ ಮಾಡಲು ಇದಕ್ಕಿಂತ ಗ್ಯಾರಂಟಿ ದಾರಿಯಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1895ರಲ್ಲಿ ಸಿಕ್ಕ ಎನ್ಸೆಫಲಾರ್ಟೋಸ್ ವುಡೈ ಎಂಬುದರ ಪಾಡು ನೋಡಿ, ಸಿಕ್ಕಿದ್ದು ಒಂದೇ ಗಂಡು. ಈಗ ಜಗತ್ತಿನಲ್ಲಿರುವುದೆಲ್ಲ ಅದರ ಮರಿಗಳೇ, ಹೆಣ್ಣು ಇನ್ನೂ ಸಿಕ್ಕಿಲ್ಲ.

ನಮ್ಮ ತೋಟದ ಮರಕ್ಕೆ ಅಷ್ಟು ಕಷ್ಟವಿರಲಾರದು. ಹಾಸನ, ಚಿಕ್ಕಮಗಳೂರು ಸುತ್ತ ಯಾರ ತೋಟದಲ್ಲಾದರೂ ಘಟ್ಟದ ಸೈಕಸ್ ಗಂಡು ಇದ್ದರೆ, ಈ ಸಲ ಕೋನ್ ಬಿಟ್ಟರೆ, ಪುಡಿಯನ್ನು ಪೇಪರಿನಲ್ಲಿ ಒಣಗಿಸಿ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟು ತಿಳಿಸಿ. ನಾನೇ ಬಂದು ತಗೊಂಡು ಹೋಗುತ್ತೇನೆ. ಬೀಜ ಕಟ್ಟಿದರೆ ಸಸಿಯಲ್ಲಿ ನಿಮಗೂ ಪಾಲು.